ಹಂಡೆಯ ಎಡಗಡೆ

…ಅಥವಾ ಅದು ಹಳದಿ ಬಣ್ಣದ್ದೇ ಅಲ್ಲವೇನೋ. ಕಂಪ್ಯೂಟರ್ ಆಟವೊಂದರಲ್ಲಿ ಹಂಡೆ ಎಂದು ನಾನೂ ಅಣ್ಣನೂ ಹೆಸರಿಟ್ಟಿದ್ದ ಆ ಯುದ್ಧನೌಕೆಯ ಹೊಟ್ಟೆಗೆ ಅರಿಶಿನ ಬಳಿದ ಹಾಗಿತ್ತು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಹೋದ ವರ್ಷ ಹಳೆಯ ಆಟವನ್ನು ಅಂಗಡಿಯ ಕಂಪ್ಯೂಟರಿಗೆ ಮತ್ತೆ ಹಾಕಿ ನೋಡಿದೆ. ಬೂದಿ ಬಣ್ಣ. ಹಳದಿಯ ಒಂದು ಗೀರೂ ಇಲ್ಲ. ಆಗಿನ ಮಾನಿಟರ್ ಕೆಟ್ಟಿದ್ದಿರಬಹುದು, ಎಲ್ಲಕ್ಕೂ ಹಳದಿ ಮೆತ್ತುತ್ತಿದ್ದಿರಬಹುದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಹಾಗಿದ್ದರೆ ಉಳಿದ ನೌಕೆಗಳೂ ಹಳದಿಯಾಗಿಯೇ ನೆನಪಿರಬೇಕಿತ್ತು. ಕುಡುಗೋಲು ಎಂದು ಕರೆಯುತ್ತಿದ್ದ ಇನ್ನೊಂದು ನೌಕೆ ನನ್ನ ತಲೆಯೊಳಗೆ ಈಗಲೂ ಬೆಳ್ಳಗೆ ಹೊಳೆಯುತ್ತದೆ.

ಆದ್ದರಿಂದ ಇಲ್ಲಿ ನಾನು ಹೇಳುವುದನ್ನು ಸ್ವಲ್ಪ ಸಡಿಲವಾಗಿಯೇ ಹಿಡಿದುಕೊಳ್ಳಬೇಕು. ನನಗೆ ಗಟ್ಟಿಯಾಗಿ ಗೊತ್ತಿರುವುದು ಇಷ್ಟು: ನನ್ನ ಅಣ್ಣ ಬಸ್ ಡ್ರೈವರ್. ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಅವನು ಮತ್ತೆ ಸ್ಟೀರಿಂಗ್ ಹಿಡಿಯಬಹುದೋ ಇಲ್ಲವೋ ಎಂಬ ಪ್ರಶ್ನೆ ಆಸ್ಪತ್ರೆಯಿಂದ ಎದ್ದು ಬಂದು, ಕೊಳ್ಳೇಗಾಲದ ನನ್ನ ಜೆರಾಕ್ಸ್ ಅಂಗಡಿಯಲ್ಲಿ, ಈ ಆಟದ ಮುಂದೆ ಕೂತುಕೊಂಡಿತು.

ಆಟ ಮೂರು ಭಾಗಗಳಲ್ಲಿ ಬಂದದ್ದು. ಕಥೆ ಏನೆಂದು ಆಗಲೂ ಸರಿಯಾಗಿ ಗೊತ್ತಿರಲಿಲ್ಲ. ನಕ್ಷತ್ರಗಳ ನಡುವೆ ಎಲ್ಲೋ ಎರಡು ಪಕ್ಷಗಳಿಗೆ ಜಗಳ. ಸಣ್ಣ ಸಣ್ಣ ನೌಕೆಗಳಲ್ಲಿ ಕೂತು ಹೊಡೆದಾಡುವುದು ನಮ್ಮ ಕೆಲಸ. ಆಗ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ಅಂಗಡಿಯೊಂದರ ಮಹಡಿಯ ಮೇಲೆ ಕಂಪ್ಯೂಟರ್ ಸೆಂಟರ್ ಇತ್ತು. ಪಿಯುಸಿ ಮುಗಿಸಿ ನಾನು ಅಲ್ಲಿ ಡಿಟಿಪಿ ಕಲಿಯುತ್ತಿದ್ದೆ. ಅಣ್ಣ ಲಾರಿಯೊಂದರಲ್ಲಿ ಕ್ಲೀನರ್ ಆಗಿದ್ದ. ಲೋಡ್ ಇಲ್ಲದ ದಿನ ತಂಗಿಯನ್ನು ಮನೆಗೆ ಕರೆದುಕೊಂಡು ಹೋಗಲು ಬಂದೆ ಎಂದು ಹೇಳಿ ಮಹಡಿ ಹತ್ತುತ್ತಿದ್ದ. ಎರಡು ಕಂಪ್ಯೂಟರಿಗೆ ಒಂದು ವೈರ್ ಹಾಕಿ ಜೋಡಿಸಿದರೆ ಇಬ್ಬರೂ ಒಂದೇ ಆಕಾಶದಲ್ಲಿ ಜೋಡಿಯಾಗಿ ಹಾರಬಹುದಿತ್ತು. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಅಣ್ಣ ಯಾವಾಗಲೂ ಎಡಕ್ಕೆ. ಕ್ಲೀನರ್ ಆದವನಿಗೆ ಎಡಗಡೆ ಬಿಟ್ಟು ಬೇರೆ ಕಡೆ ಗೊತ್ತಿಲ್ಲ ಎನ್ನುತ್ತಿದ್ದ. ಲಾರಿಯಲ್ಲಿ ಡ್ರೈವರ್ ಕೂರುವುದು ಬಲಕ್ಕೆ. ಎಡಗಡೆ ಬಾಗಿಲಿನಿಂದ ತಲೆ ಹೊರಗೆ ಹಾಕಿ, ಮೋರಿ ಎಷ್ಟು ದೂರ, ಮರದ ಕೊಂಬೆ ಎಷ್ಟು ಎತ್ತರ ಎಂದು ಕೂಗಿ ಹೇಳುವುದು ಕ್ಲೀನರನ ಕೆಲಸ.

ನೌಕೆಗಳಿಗೆ ಇಂಗ್ಲಿಷ್ ಹೆಸರುಗಳಿದ್ದವು. ಅವು ನಮ್ಮ ಬಾಯಿಗೆ ಹತ್ತಲಿಲ್ಲ.

ಕುಡುಗೋಲು ನನ್ನದು. ತೆಳ್ಳಗೆ, ರೆಕ್ಕೆ ಮುಂದಕ್ಕೆ ಬಾಗಿ, ಬೆರಳು ಸೋಕಿಸಿದರೆ ತಿರುಗುತ್ತಿತ್ತು. ಎರಡು ಏಟು ಬಿದ್ದರೆ ಚೂರು. ಅದರಲ್ಲಿ ಕೂತಾಗ ಬದುಕುವುದಕ್ಕಿಂತ ಚೆನ್ನಾಗಿ ಸಾಯುವುದು ಮುಖ್ಯ ಎನಿಸುತ್ತಿತ್ತು. ಆ ವಯಸ್ಸಿಗೆ ಅದು ಸರಿಯಾದ ಗಾಡಿ. ಗಾಡಿ ಎಂದು ಬರೆದೆ. ಅಣ್ಣ ಎಲ್ಲವನ್ನೂ ಗಾಡಿ ಎಂದೇ ಕರೆಯುತ್ತಿದ್ದ. ನೌಕೆ ಎನ್ನುವುದು ನಾನು ಈಗ ಬರೆಯಲು ಕೂತಾಗ ಬಂದ ಮಾತು.

ಹಂಡೆ ಅಣ್ಣನದು. ಬಚ್ಚಲಿನ ಹಂಡೆಯ ಹಾಗೆ ದುಂಡಗೆ, ಅಲ್ಲಲ್ಲಿ ನೆಗ್ಗಿದ ಹಾಗೆ, ಹಿಂದೆ ಹೊಗೆ ಬೇರೆ. ತಿರುಗು ಎಂದರೆ ಯೋಚನೆ ಮಾಡಿ ತಿರುಗುತ್ತಿತ್ತು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮೂರೂ ಭಾಗಗಳಲ್ಲಿ ನಾನು ಅತ್ಯಂತ ದ್ವೇಷಿಸಿದ ಗಾಡಿ ಯಾವುದು ಎಂದು ಯಾರಾದರೂ ಕೇಳಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

“ಅಂಡೆಗೆ ಏನಾಗದೆ ಅಮ್ಮಿ?” ಎನ್ನುತ್ತಿದ್ದ ಅಣ್ಣ. “ಮೂಟೆ ಏರ್ಬೋದು, ಜನ ಏರ್ಬೋದು. ನಿನ್ ಕುಡ್ಲಲ್ಲಿ ಒಂದ್ ಕೊತ್ಮೀರಿ ಕಟ್ಟು ಇಡಕ್ಕೆ ಜಾಗ ಇಲ್ಲ.”

“ಯುದ್ಧಕ್ಕೆ ಓಗೋರು ಕೊತ್ಮೀರಿ ಯಾಕಣ್ಣ ತಕಂಡೋಗ್ತರೆ?”

“ಯುದ್ಧ ಮುಗುದ್ ಮೇಲೆ ಸಾರು ಮಾಡಕಿಲ್ವ?”

ಎರಡನೆಯ ಭಾಗದಲ್ಲಿ ಗೂಡು ಬಂತು. ರೇಷ್ಮೆ ಗೂಡಿನ ಹಾಗೆ ಬೆಳ್ಳಗೆ, ಮೊಟ್ಟೆಯಾಕಾರ. ಅದರೊಳಗೆ ಕೂತರೆ ಹೊರಗೆ ಏನೂ ಕಾಣುತ್ತಿರಲಿಲ್ಲ, ಸುತ್ತ ಬರೀ ಮೀಟರುಗಳು. ಊರಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವುದನ್ನು ನೋಡಿ ಬೆಳೆದ ನಮಗೆ ಅದರೊಳಗಿನ ಹುಳದ ಗತಿ ಏನೆಂದು ಗೊತ್ತಿತ್ತು. ಇಬ್ಬರೂ ಮುಟ್ಟಲಿಲ್ಲ. ಮೂರನೆಯ ಭಾಗದ ಹೆಗ್ಗಳಿಕೆ ನವಿಲು. ಪೂರ್ತಿ ಗಾಜು, ಗುಂಡು ಹಾರಿಸುವ ಮೊದಲು ಹಿಂದಿನ ಹಲಗೆಗಳು ಬಿಚ್ಚಿಕೊಳ್ಳುತ್ತಿದ್ದವು. ಸೆಂಟರಿಗೆ ಬರುತ್ತಿದ್ದ ಎಲ್ಲರಿಗೂ ಅದೇ ಬೇಕು. ಅಣ್ಣನಿಗೆ ಅದನ್ನು ಕಂಡರೆ ಮೈಯುರಿ.

“ಇದು ಮದ್ವೆ ಕಾರು ಕಣಮ್ಮಿ. ಓಡ್ಸೋದು ಒಂದ್ ಸಲ, ತೊಳ್ಯೋದು ಅತ್ತು ಸಲ.”

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಹೇಳಿ ಅಳಿಸಲೂಬೇಕು. ಅಪ್ಪ ದನ ಬಲ್ಲವರು. ಎತ್ತು ಕೊಳ್ಳುವವರು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಮೈ ಮೇಲೆ ಕೂದಲು ಸುತ್ತಿಕೊಂಡಿರುವ ಜಾಗ, ಅಂದರೆ ಸುಳಿ, ಎಲ್ಲಿದೆ ಎಂದು ನೋಡಿ, ಈ ಎತ್ತು ಮನೆಗೆ ಆಗಿಬರುತ್ತದೆ, ಇದು ಬರುವುದಿಲ್ಲ ಎಂದು ಹೇಳುತ್ತಿದ್ದರು. ನನ್ನ ನೆನಪು ಹೀಗಿದೆ: ಒಂದು ದಿನ ಅಪ್ಪ ಸಂತೆ ಮುಗಿಸಿ ನಮ್ಮನ್ನು ಹುಡುಕಿಕೊಂಡು ಮಹಡಿ ಹತ್ತಿ ಬಂದರು. ಆಟ ಶುರುವಾಗುವ ಮೊದಲು ನೌಕೆ ಆರಿಸುವಾಗ ಪರದೆಯ ಮೇಲೆ ಅದು ನಿಧಾನಕ್ಕೆ ಒಂದು ಸುತ್ತು ತಿರುಗುತ್ತದೆ, ಸಂತೆಯಲ್ಲಿ ಎತ್ತನ್ನು ನಡೆಸಿ ತೋರಿಸಿದ ಹಾಗೆ. ಅಪ್ಪ ಕುರ್ಚಿಯ ಹಿಂದೆ ನಿಂತು ನೋಡಿದರು. ಎರಡನೆಯ ಭಾಗದ ಎಲ್ಲಕ್ಕಿಂತ ಬಲವಾದ ನೌಕೆ ತಿರುಗುತ್ತಿತ್ತು. ಭುಜದ ಹಿಂದೆ ಒಂದು ದುಂಡನೆಯ ಗುರುತು.

“ಇದು ಬ್ಯಾಡ ಕಣ್ಲಾ,” ಎಂದರು ಅಣ್ಣನಿಗೆ. “ಸುಳಿ ನೆಟ್ಟಗಿಲ್ಲ.”

ನಾವು ಆ ನೌಕೆಯನ್ನು ಕಡೆಯವರೆಗೂ ತೆಗೆದುಕೊಳ್ಳಲಿಲ್ಲ. ಅದಕ್ಕೆ ಹೆಸರನ್ನೂ ಇಡಲಿಲ್ಲ. ಅದಿಲ್ಲದೆ ಎರಡನೆಯ ಭಾಗದ ಕೊನೆಯ ಯುದ್ಧ ಗೆಲ್ಲಲು ಆಗುವುದಿಲ್ಲ ಎಂದು ಎಲ್ಲರೂ ಹೇಳಿದರು. ಗೆಲ್ಲಲಿಲ್ಲ.

ಹೋದ ವರ್ಷ ನೋಡಿದೆನಲ್ಲ, ಆಗ ಇದನ್ನೂ ನೋಡಿದೆ. ಆ ದುಂಡನೆಯ ಗುರುತು ನಮ್ಮ ಪಕ್ಷದ ಪ್ರತಿಯೊಂದು ನೌಕೆಯ ಮೇಲೂ ಇದೆ, ಅದೇ ಜಾಗದಲ್ಲಿ. ಕುಡುಗೋಲಿನ ಮೇಲೂ, ಹಂಡೆಯ ಮೇಲೂ. ಅಪ್ಪನ ಮಾತು ಕೇಳಿದ್ದರೆ ನಾವು ಯಾವುದನ್ನೂ ಹತ್ತುವ ಹಾಗಿರಲಿಲ್ಲ. ಅಪ್ಪ ಬೇರೇನೋ ನೋಡಿ ಹೇಳಿದರೋ, ಅಥವಾ ಅಪ್ಪ ಮಹಡಿಯನ್ನೇ ಹತ್ತಲಿಲ್ಲವೋ. ಅವರ ಮೊಣಕಾಲು ಆಗಲೇ ನೋಯುತ್ತಿತ್ತು. ಕೇಳೋಣವೆಂದರೆ ಅವರಿಲ್ಲ. ಆದರೂ ಆ ದೃಶ್ಯದಲ್ಲಿ ಅವರ ಪಂಚೆಗೆ ಹತ್ತಿದ್ದ ಹುಲ್ಲಿನ ಎಸಳು ಸಮೇತ ಕಾಣುತ್ತದೆ. ಸುಳ್ಳಿಗೆ ಇಷ್ಟು ಎಸಳು ಎಲ್ಲಿಂದ ಬರಬೇಕು?

ಅಣ್ಣ ಆಮೇಲೆ ಬಸ್ಸಿಗೆ ಬಂದ. ಮೊದಲು ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಗಾಡಿ, ಮದುವೆಯಾದ ಮೇಲೆ ಹನೂರಿನಲ್ಲಿ ಮನೆ ಮಾಡಿ ಕೊಳ್ಳೇಗಾಲ, ಹನೂರು, ಲೊಕ್ಕನಹಳ್ಳಿ, ಒಡೆಯರಪಾಳ್ಯದ ರೂಟು. ಖಾಸಗಿ ಬಸ್ಸು, ಒಬ್ಬನೇ ಓನರ್. ಜೋಳದ ಮೂಟೆ, ಹಾಲಿನ ಕ್ಯಾನು, ಸ್ವೆಟರಿನ ದೊಡ್ಡ ಗಂಟು ಹೊತ್ತ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನ ಹೆಂಗಸರು, ಎಲ್ಲರನ್ನೂ ಎಲ್ಲವನ್ನೂ ಹೇರಿಕೊಂಡು ಹೋಗುತ್ತಿದ್ದ. ಒಮ್ಮೆ ಆ ಬಸ್ಸಿನಲ್ಲಿ ಕೂತಿದ್ದಾಗ ನನಗೆ ಹೊಳೆಯಿತು: ಅವನು ಹಂಡೆಯನ್ನೇ ಓಡಿಸುತ್ತಿದ್ದಾನೆ. ಇದನ್ನು ಅವನಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಲಕ್ವ ಹೊಡೆದದ್ದು ಬೆಳಿಗ್ಗೆ ಮನೆಯಲ್ಲಿ, ಬಸ್ಸಿನಲ್ಲಲ್ಲ. ಎಡಗೈ, ಎಡಗಾಲು ಸೋತವು. ಕೊಳ್ಳೇಗಾಲ, ಅಲ್ಲಿಂದ ಮೈಸೂರು. ಬೇಗ ತಲುಪಿಸಿದ್ದರಿಂದ ಉಳಿದ. ಕೆಲವು ತಿಂಗಳಲ್ಲಿ ಕಾಲು ಬಂತು, ಕೈಯೂ ಹೆಚ್ಚುಕಡಿಮೆ ಬಂತು. ಸ್ಟೀರಿಂಗ್ ಹಿಡಿಯುವ ಮೊದಲು ಇನ್ನೊಮ್ಮೆ ತೋರಿಸಿ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಕೈ ತೋರಿಸುವುದು ಎಂದು ಅಣ್ಣ ಅರ್ಥ ಮಾಡಿಕೊಂಡ. ನಾವೂ ಹಾಗೇ ಅರ್ಥ ಮಾಡಿಕೊಂಡೆವು. ಬಸ್ಸಿನ ಓನರ್ ಮನೆಗೆ ಬಂದು ನೋಡಿ, “ಯುಗಾದಿ ಕಳೀಲಿ, ನಿನ್ ಸೀಟು ಎಲ್ಲೂ ಓಗಕಿಲ್ಲ, ಅಲ್ಲೀಗಂಟ ಬದಲಿ ಹುಡುಗ ಓಡುಸ್ತನೆ” ಎಂದು ಹೇಳಿ ಹೋದರು. ಅಣ್ಣ ಯುಗಾದಿಯ ದಾರಿ ನೋಡುತ್ತ ಕೂತ. ಆ ಸೀಟಿನ ಹೊರತು ತನಗೆ ಬೇರೆ ಜಾಗವೇ ಗೊತ್ತಿಲ್ಲದವನ ಹಾಗೆ ದಿನಾ ಬೆಳಿಗ್ಗೆ ಖಾಕಿ ಶರ್ಟು ಹಾಕಿಕೊಂಡೇ ಜಗಲಿಗೆ ಬರುತ್ತಿದ್ದ.

ಅತ್ತಿಗೆ ಯಳಂದೂರಿನವರು, ಮಾತು ಕಡಿಮೆ. ಒಂದು ದಿನ ಅಣ್ಣನನ್ನು ಅಂಗಡಿಯಲ್ಲಿ ಕೂರಿಸಿ ನನ್ನನ್ನು ಹೊರಗೆ ಕರೆದರು.

“ನೀನಾರ ನೋಡವ್ವ. ಕೈ ನೆಟ್ಟಗಾಯ್ತು, ಕಾಲು ನೆಟ್ಟಗಾಯ್ತು. ಆದ್ರೂ ಬಸ್ ಅತ್ತುಸ್ಬೋದು ಅಂತ ನನ್ ಮನಸು ಒಪ್ಪಕಿಲ್ಲ.”

“ಯಾಕತ್ಗೆ, ಏನಾರ ಆಯ್ತಾ?”

“ಏನೂ ಆಗ್ನಿಲ್ಲ. ಊಟ ಅರ್ದಕ್ಕೆ ಬಿಡ್ತರೆ. ಅಸಿವಿಲ್ಲ ಅಂತರೆ. ಆಮೇಲೆ ಅಸಿವು ಅಂತರೆ. ನಂಗೆ ಏಳಕ್ಕೆ ಬರಕಿಲ್ಲ.”

ಭಾನುವಾರ ಅಂಗಡಿಗೆ ರಜ. ನನ್ನ ಹತ್ತಿರ ಎರಡು ಕಂಪ್ಯೂಟರುಗಳಿವೆ, ಒಂದರಲ್ಲಿ ಮದುವೆ ಪತ್ರಿಕೆ, ಇನ್ನೊಂದರಲ್ಲಿ ಪಹಣಿ, ಅರ್ಜಿ ಇತ್ಯಾದಿ. ಎಡಗೈ ಬೆರಳುಗಳಿಗೆ ಕೆಲಸ ಬೇಕು ಎಂದು ಡಾಕ್ಟರ್ ಹೇಳಿದ್ದರಿಂದ, ವೇಗದ ಬಟನ್ನುಗಳು ಎಡಗೈಗೇ ಬರುವ ಆ ಆಟ ನೆನಪಾಯಿತು. ಹುಡುಕಿ ತಂದು ಹಾಕಿದೆ. ಮೊದಲ ಪರದೆ ಕಂಡಾಗ ಅಣ್ಣ ನಕ್ಕ. ಬಾಯಿಯ ಎಡಭಾಗ ಸ್ವಲ್ಪ ತಡವಾಗಿ ನಕ್ಕಿತು.

“ಅಂಡೆ ಅದ ಅಮ್ಮಿ?”

“ಅದೆ. ಬಣ್ಣ ಬ್ಯಾರೆ ಆಗೋಗದೆ.”

“ಅದೇ ಬಣ್ಣ. ನಿನ್ ಕಣ್ಣೇ ಬ್ಯಾರೆ ಆಗೋಗವೆ.”

ಆ ಭಾನುವಾರವೇ ಅವನು ಹೇಳಿದ: “ಈ ಸಲ ನೀ ಎಡಕ್ಕೋಗು. ನಾ ಬಲಕ್ಕಿರ್ತೀನಿ.”

ಹೇಳಿದ ಎಂದೇ ನನ್ನ ನೆನಪು. ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಕಟ್ಟಿದರೆ ದಾರಿ ಬಿಡುತ್ತದೆ ಎಂಬ ಅಪ್ಪನ ಮಾತನ್ನು ನಾನು ತಮಾಷೆಗೆ ಎತ್ತಿದೆ. “ಎತ್ತಿಗೆ ವಯಸಾಯ್ತು, ಯಾವ್ ಕಡೆಗಾರ ಕಟ್ಟು,” ಎಂದ. ಕೈ ಸೋತದ್ದರಿಂದ ಎಡಗಡೆ ಕಾಯುವ ಕೆಲಸ ನನಗೆ ಬಿಟ್ಟುಕೊಟ್ಟ ಎಂದುಕೊಂಡೆ. ಕೈ ಮೊದಲ ವಾರಗಳಲ್ಲಿ ಮೊಂಡಾಗಿತ್ತು, ಆಮೇಲೆ ಚುರುಕಾಯಿತು. ಹಂಡೆ ಹಳೆಯ ಹಾಗೆ ಯೋಚನೆ ಮಾಡಿ ತಿರುಗಿತು. ನಾನು ಕುಡುಗೋಲಿನಲ್ಲಿ ಅವನ ಎಡಕ್ಕೆ ಹಾರಿದೆ. ಅಂಗಡಿಯ ಶಟರ್ ಅರ್ಧ ಎತ್ತಿದರೆ ಬೆಳಿಗ್ಗೆಯ ಬಿಸಿಲು ಜೆರಾಕ್ಸ್ ಮೆಷಿನ್ನಿನವರೆಗೂ ಬರುತ್ತಿತ್ತು. ಅತ್ತಿಗೆ ಎದುರಿನ ಕ್ಯಾಂಟೀನಿನಿಂದ ಕಾಫಿ ತರಿಸುತ್ತಿದ್ದರು. ಇಬ್ಬರು ನಡುವಯಸ್ಸಿನವರು ನಕ್ಷತ್ರಗಳ ನಡುವೆ ಬೈದಾಡಿಕೊಳ್ಳುವುದನ್ನು ಕೇಳಿ ರಸ್ತೆಯಲ್ಲಿ ಹೋಗುವವರು ಬಗ್ಗಿ ನೋಡುತ್ತಿದ್ದರು. ಇಷ್ಟು ಸಂತೋಷ ನನಗೆ ಬಹಳ ವರ್ಷಗಳಲ್ಲಿ ಸಿಕ್ಕಿರಲಿಲ್ಲ. ಅವನ ಲಕ್ವದಿಂದ ನನಗೆ ಸಿಕ್ಕಿದ ಸಂತೋಷ ಎಂದು ಬರೆಯಲು ಕೈ ಹಿಂದೆಗೆಯುತ್ತದೆ, ಆದರೆ ಲೆಕ್ಕ ಹಾಗೇ ಇದೆ.

ಒಂದು ವಿಷಯ ಮಾತ್ರ ಕಣ್ಣಿಗೆ ಬೀಳತೊಡಗಿತು. ಹಂಡೆಗೆ ಏಟು ಬೀಳುತ್ತಿದ್ದದ್ದೆಲ್ಲ ಎಡದಿಂದ. ನಾನು ಪಕ್ಕದಲ್ಲಿದ್ದರೆ ಏನೂ ಇಲ್ಲ. ನಾನು ಸತ್ತ ಕೂಡಲೇ ಶತ್ರುಗಳು ಎಡದಿಂದ ಬಂದು, ಬಾಗಿಲು ತೆರೆದ ಮನೆಗೆ ನುಗ್ಗಿದ ಹಾಗೆ ನುಗ್ಗುತ್ತಿದ್ದರು. ಅಣ್ಣ ತಿರುಗಿಯೂ ನೋಡುತ್ತಿರಲಿಲ್ಲ.

“ಎಡಗಡೆ ನೋಡಣ್ಣ,” ಎಂದೆ.

“ಎಡಗಡೆ ನೋಡಕ್ಕೆ ನೀನಿಲ್ವ?”

“ನಾ ಸತ್ತೋದ್ನಲ್ಲ.”

“ಸಾಯೋ ಮುಂದೆ ಏಳ್ಬೇಕು. ನನ್ ಕಂಡಕ್ಟ್ರು ಸತ್ರೂ ಏಳಿ ಸಾಯ್ತನೆ.”

ನಕ್ಕೆವು. ಅವನ ಮಾತಿನಲ್ಲಿ ತರ್ಕವಿತ್ತು. ನಮ್ಮ ಕಡೆಯ ಬಸ್ಸುಗಳಲ್ಲಿ ಎಡಗಡೆ ಕಂಡಕ್ಟರನದು. ಫುಟ್‌ಬೋರ್ಡಿನ ಮೇಲೆ ನಿಂತು, ಬಸ್ಸಿನ ತಗಡಿಗೆ ಕೈಯಿಂದ ಬಡಿದು, ಬರಲಿ ಬರಲಿ, ನಿಲ್ಲಲಿ ಎನ್ನುತ್ತಾನೆ. ಆ ಬಡಿತದ ಮೇಲೆ ಡ್ರೈವರ್ ಗಾಡಿ ಬಿಡುತ್ತಾನೆ. ಹಳೆಯ ಡ್ರೈವರುಗಳಲ್ಲಿ ಎಡಗಡೆಯ ಕನ್ನಡಿ ಒಡೆದರೆ ತಿಂಗಳುಗಟ್ಟಲೆ ಹಾಕಿಸದವರಿದ್ದಾರೆ. ಇಷ್ಟು ವರ್ಷ ಹಾಗೆ ಓಡಿಸಿದವನು ಎಡಗಡೆ ನೋಡದಿದ್ದರೆ ಅದು ರೋಗವೋ, ಕಸುಬೋ? ನಾನು ಕಸುಬು ಎಂದುಕೊಂಡೆ. ಅವನಿಗೂ ಅದೇ ಅನಿಸಿರಬೇಕು.

ಆದರೆ ಲೊಕ್ಕನಹಳ್ಳಿಯ ಆಚೆ ರಸ್ತೆಗೆ ಅಂಟಿಕೊಂಡೇ ಕಾಡು. ಸಂಜೆ ಮೇದು ಬರುವ ದನ ಯಾವ ಕಡೆಯಿಂದ ನುಗ್ಗುತ್ತವೆ ಎಂದು ಹೇಳಲಾಗದು. ಕಂಡಕ್ಟರ್ ಆಗ ಹಿಂದೆ ಟಿಕೆಟ್ ಕೊಡುತ್ತಿರುತ್ತಾನೆ. ಅದನ್ನು ನೆನೆದಾಗ ಕಾಫಿ ಲೋಟ ಕೆಳಗಿಡುತ್ತಿದ್ದೆ. ಅತ್ತಿಗೆ ಪ್ರತಿ ಭಾನುವಾರ ಹೊರಡುವ ಮೊದಲು ನನ್ನ ಮುಖ ನೋಡುತ್ತಿದ್ದರು. “ಯಂಗವ್ರೆ?” ಎಂದು ಒಂದೇ ಮಾತು. “ಕೈ ಚೆನ್ನಾಗ್ ಓಡ್ತಾ ಅದೆ ಅತ್ಗೆ,” ಎನ್ನುತ್ತಿದ್ದೆ. ಅದು ನಿಜವೇ.

ಯುಗಾದಿ ಹತ್ತಿರ ಬಂತು. ಓನರ್ ಫೋನ್ ಮಾಡಿ ಹಬ್ಬದ ಮಾರನೆಯ ವಾರದಿಂದ ಬಾ ಎಂದರು. ಆ ಭಾನುವಾರ ಅಣ್ಣ ಹೊಸ ಶರ್ಟು ಹಾಕಿಕೊಂಡು ಬಂದ. ಕೂತವನೇ ಅಂದ:

“ಇವತ್ತು ನೀ ಬರ್ಬ್ಯಾಡ ಅಮ್ಮಿ. ನಾನೊಬ್ನೇ ಓಯ್ತೀನಿ. ನಿನ್ ಕುಡ್ಲು ಕೊಡು.”

“ಕುಡುಗೋಲಾ? ನಿಂಗದು ಆಗಕಿಲ್ಲ.”

“ಕೊಡು ಅಂದ್ನಲ್ಲ.”

ನಾನು ಎದ್ದು ಅವನ ಕುರ್ಚಿಯ ಹಿಂದೆ ನಿಂತೆ. ಅಪ್ಪ ನಿಂತಿದ್ದರು ಎಂದು ನಾನು ನಂಬಿರುವ ಜಾಗದಲ್ಲಿ. ಪರದೆಯ ಮೇಲೆ ಕುಡುಗೋಲು ಒಂದು ಸುತ್ತು ತಿರುಗಿತು. ಅತ್ತಿಗೆ ಕಾಫಿ ಲೋಟ ಹಿಡಿದುಕೊಂಡು ಪಕ್ಕಕ್ಕೆ ಬಂದರು.

ಆ ಹಂತದಲ್ಲಿ ಮಾಡಬೇಕಾದ ಕೆಲಸ ಸುಲಭ. ಸಾಮಾನು ತುಂಬಿದ ಒಂದು ದೊಡ್ಡ ಹಡಗು ನಿಧಾನಕ್ಕೆ ಹೋಗುತ್ತಿರುತ್ತದೆ, ನಮ್ಮದೇ ಪಕ್ಷದ್ದು. ಅದರ ಪಕ್ಕದಲ್ಲಿ ಹಾರುತ್ತ ಅದನ್ನು ಕಾಯಬೇಕು. ಹಡಗು ಎಷ್ಟು ದೊಡ್ಡದೆಂದರೆ ಪರದೆಯ ಎಡಭಾಗ ಪೂರ್ತಿ ಅದೇ. ಗೋಡೆಯ ಹಾಗೆ. ಅದರ ಕಿಟಕಿಗಳಲ್ಲಿ ದೀಪಗಳು ಉರಿಯುತ್ತಿದ್ದವು. ಅಣ್ಣ ಬಲದಿಂದ ಬಂದ ಇಬ್ಬರನ್ನು ಸಲೀಸಾಗಿ ಹೊಡೆದ. ಎಡಗೈ ಬಟನ್ನುಗಳ ಮೇಲೆ ಚೆನ್ನಾಗಿ ಓಡಿತು. “ನೋಡ್ದ?” ಎಂದ, ನನಗೋ ಅತ್ತಿಗೆಗೋ. ಆಮೇಲೆ ಬಿಡುವಾದ ರಸ್ತೆಯಲ್ಲಿ ಗಾಡಿ ತಿರುಗಿಸುವವನ ಹಾಗೆ ಆರಾಮಾಗಿ ಎಡಕ್ಕೆ ತಿರುಗಿಸಿದ.

ಪರದೆ ಬೆಳ್ಳಗಾಯಿತು.

“ಯಾವನು ಒಡ್ದೋನು?” ಎಂದ.

ನಾನು ಅತ್ತಿಗೆಯ ಮುಖ ನೋಡಿದೆ.

“ಯಾವನಮ್ಮಿ?”

“ಯಾರೂ ಒಡೀನಿಲ್ಲ ಅಣ್ಣ. ನೀನೇ ಅಡಗಿಗೆ ಗುದ್ದಿಬುಟ್ಟೆ.”

“ಯಾವ ಅಡಗು?”

“ಕಾಯ್ತಿದ್ದೆಲ್ಲ, ಅದೇ.”

“ಅದ್ ಯಾವಾಗ ಬಂತು ಇಲ್ಲಿಗೆ?”

“ಬರ್ನಿಲ್ಲ. ಮೊದ್ಲಿಂದ ಅಲ್ಲೇ ಇತ್ತು.”

ಆಟದಲ್ಲಿ ಸತ್ತ ಮೇಲೆ ಅದನ್ನೇ ಹಿಂದಕ್ಕೆ ಓಡಿಸಿ ನೋಡಬಹುದು. ಅಣ್ಣ ಓಡಿಸು ಎಂದ. ಓಡಿಸಿದೆ. ಇಬ್ಬರನ್ನು ಹೊಡೆದದ್ದು, ಎಡಕ್ಕೆ ತಿರುಗಿದ್ದು, ಗುದ್ದಿದ್ದು. ಮತ್ತೆ ಓಡಿಸು ಎಂದ. ಈ ಸಲ ನಾನು ಗುದ್ದುವ ಮೊದಲೇ ನಿಲ್ಲಿಸಿ ಹಡಗಿನ ಮೇಲೆ ಬೆರಳಿಟ್ಟೆ. ಅವನು ಪರದೆಯನ್ನೇ ನೋಡುತ್ತಿದ್ದ, ನನ್ನ ಬೆರಳನ್ನು ನೋಡುತ್ತಿರಲಿಲ್ಲ. ಆಮೇಲೆ ಒಂದು ಕೆಲಸ ಮಾಡಿದ. ಕುರ್ಚಿಯ ಎಡಗೈ ಹಿಡಿದುಕೊಂಡು, ಮೈಯನ್ನು ಪೂರ್ತಿ ಎಡಕ್ಕೆ ವಾಲಿಸಿ, ಲಾರಿಯ ಬಾಗಿಲಿನಿಂದ ತಲೆ ಹಾಕುವ ಕ್ಲೀನರನ ಹಾಗೆ ಮುಖ ತಿರುಗಿಸಿ ನೋಡಿದ.

“ಓ,” ಎಂದ. “ಐತಲ್ಲ. ಇಷ್ಟುದ್ದ.”

ಅತ್ತಿಗೆ ಲೋಟವನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು, ಅವನ ಎಡಕ್ಕೆ. ಇಟ್ಟು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಅದನ್ನು ತೆಗೆದು ಬಲಕ್ಕೆ ಇಟ್ಟರು. ಆಗ ಅವನು ಕೈ ಚಾಚಿ ಕುಡಿದ. ಅರ್ಧ ಬಿಟ್ಟೇಳುವ ತಟ್ಟೆ ನನಗೆ ಆಗ ನೆನಪಾಯಿತು. ಅತ್ತಿಗೆಗೆ ನನಗಿಂತ ಮೊದಲೇ ನೆನಪಾಗಿತ್ತು ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ಕಿಲೀನರ್ ಆಗಿದ್ದಾಗ ಎಡಗಡೆನೇ ನನ್ ಅನ್ನ ಕಣಮ್ಮಿ,” ಎಂದ ಅಣ್ಣ, ಲೋಟ ಕೆಳಗಿಟ್ಟು. ಅಷ್ಟೇ. ಜೇಬಿನಿಂದ ಫೋನ್ ತೆಗೆದ. ಬಸ್ಸಿನ ಓನರಿಗೆ ಮಾಡಿದ.

“ಅಣ್ಣೋ, ಆ ಹುಡುಗನ್ನೇ ಮಡಿಕಳಿ… ಇಲ್ಲ ಇಲ್ಲ, ಕೈ ಚೆನ್ನಾಗ್ ಅದೆ. ಕೈ ಅಲ್ಲ… ಎಡಗಡೆ ಕಾಣಕಿಲ್ಲ ನಂಗೆ… ಎಡಗಣ್ಣಲ್ಲ ಅಣ್ಣೋ, ಎಡಗಡೆ… ಯಂಗೆ ಅಂದ್ರೆ, ಇಲ್ಲ ಅನ್ನೋದೇ ಗೊತ್ತಾಗಕಿಲ್ಲ… ಜನ ಇರ್ತರಲ್ಲ ಬಸ್ಸಲ್ಲಿ. ಬ್ಯಾಡ.”

ಆಮೇಲೆ ಮೈಸೂರಿನಲ್ಲಿ ಪರೀಕ್ಷೆಯಾಯಿತು. ಒಂದು ಡಬ್ಬಿಯೊಳಗೆ ತಲೆಯಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತಬೇಕು. ಬಲಗಡೆಯ ಚುಕ್ಕಿಗಳಿಗೆಲ್ಲ ಒತ್ತಿದ. ಎಡಗಡೆಯವಕ್ಕೆ ಒತ್ತಲಿಲ್ಲ. ಕಣ್ಣುಗಳು ಸರಿಯಾಗಿಯೇ ಇವೆ, ಅವು ತಂದುಕೊಟ್ಟದ್ದನ್ನು ಮೆದುಳು ಎತ್ತಿಕೊಳ್ಳುತ್ತಿಲ್ಲ, ಸ್ವಲ್ಪ ಮರಳಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರ್. ಆಟದಲ್ಲಿ ಗೊತ್ತಾಯಿತು ಎಂದು ನಾನು ಹೇಳಿದಾಗ ಅವರು ಯಾವ ಆಟ ಎಂದು ಕೇಳಿದರು. ಅಣ್ಣ ನನಗಿಂತ ಮೊದಲು ಬಾಯಿ ಹಾಕಿ, “ಗಾಡಿ ಓಡ್ಸೋದು ಸಾ,” ಎಂದ.

ಈಗ ಅವನು ಹನೂರು ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಏಜೆಂಟ್. ಟೈಮ್ ನೋಡಿ ಗಾಡಿ ಬಿಡಿಸುತ್ತಾನೆ, ಲೊಕ್ಕನಹಳ್ಳಿ ಒಡೆಯರಪಾಳ್ಯ ಎಂದು ಕೂಗುತ್ತಾನೆ. ನಿಲ್ಲುವುದು ಗೋಡೆಗೆ ಎಡಭುಜ ಕೊಟ್ಟು, ಇಡೀ ಸ್ಟ್ಯಾಂಡು ಬಲಕ್ಕೆ ಬರುವ ಹಾಗೆ. ಅವನ ಬಸ್ಸು ಹೊರಡುವಾಗ ಬದಲಿ ಹುಡುಗನಿಗೆ, “ಅಂಡೆ ಕಣ್ಲಾ ಅದು, ಓಲಾಡುಸ್ಬ್ಯಾಡ,” ಎನ್ನುತ್ತಾನಂತೆ. ಹುಡುಗನಿಗೆ ಅರ್ಥವಾಗುವುದಿಲ್ಲ. ಮನೆಯಲ್ಲಿ ಊಟದ ನಡುವೆ ಅತ್ತಿಗೆ ಏನೂ ಮಾತಾಡದೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸುತ್ತಾರೆ. ಅಣ್ಣ, “ಇನ್ನೂ ಇತ್ತ?” ಎಂದು ಉಳಿದದ್ದನ್ನು ಊಟ ಮಾಡುತ್ತಾನೆ. ಮೈ ಸ್ವಲ್ಪ ಬಂದಿದೆ.

ಭಾನುವಾರಗಳು ನಿಂತಿಲ್ಲ. ಅವನು ಹಂಡೆಯಲ್ಲಿ, ಬಲಕ್ಕೆ. ನಾನು ಕುಡುಗೋಲಿನಲ್ಲಿ, ಎಡಕ್ಕೆ. ಈಗ ನಾನು ಸಾಯುವ ಮುಂಚೆ ಹೇಳಿಯೇ ಸಾಯುತ್ತೇನೆ. ಮೇಜಿನ ತಗಡಿಗೆ ಕೈಯಿಂದ ಬಡಿಯುತ್ತೇನೆ, ಅವನು ಮೈ ವಾಲಿಸಿ ತಿರುಗಿ ನೋಡುತ್ತಾನೆ. ಎರಡನೆಯ ಭಾಗದ ಕೊನೆಯ ಯುದ್ಧವನ್ನು ಇನ್ನೂ ಗೆದ್ದಿಲ್ಲ. ಆ ಹೆಸರಿಲ್ಲದ ನೌಕೆಯನ್ನು ತೆಗೆದುಕೊಂಡರೆ ಗೆಲ್ಲಬಹುದು. ತೆಗೆದುಕೊಂಡಿಲ್ಲ.

ಹೋದ ತಿಂಗಳು ಅವನನ್ನು ಕೇಳಿದೆ. ಆ ಮೊದಲ ಭಾನುವಾರ ನನ್ನನ್ನು ಎಡಕ್ಕೆ ಹೋಗು ಎಂದೆಯಲ್ಲ, ಆಗಲೇ ನಿನಗೆ ಗೊತ್ತಿತ್ತಾ?

“ನಾ ಯಾವಾಗ ಅಂದೆ?” ಎಂದ. “ನೀನೇ ಎಡಕ್ಕೋಯ್ತೀನಿ ಅಂತ ಅಟ ಮಾಡ್ದೆ. ನಂಗೆ ಅಂಡೆ ಕೊಟ್ಟೋಳೂ ನೀನೇ. ಮುಂಚೆ ಅಂಡೆ ನಿಂದು ಕಣಮ್ಮಿ. ಕುಡ್ಲು ನಂದು.”

“ಸುಳ್ಳು.”

“ನಿಮ್ ಅತ್ಗೇನ ಕೇಳು.”

ಅತ್ತಿಗೆ ಆ ಸೆಂಟರನ್ನು ನೋಡಿಯೇ ಇಲ್ಲ. ಕೇಳಿದರೆ ಇಬ್ಬರನ್ನೂ ನೋಡಿ ನಕ್ಕರು.

ಕುಡುಗೋಲು ಕೊಡು ಎಂದು ಅವನು ಒಬ್ಬನೇ ಹೊರಟ ಆ ಬೆಳಿಗ್ಗೆ, ತನ್ನ ಹಳೆಯ ಗಾಡಿಯನ್ನು ಕೇಳಿದನೋ, ತಂಗಿಯ ಗಾಡಿಯನ್ನು ಕೇಳಿದನೋ. ಎಡಗಡೆ ಇಲ್ಲ ಎಂಬ ಅನುಮಾನ ಆಗಲೇ ಹುಟ್ಟಿ, ನಮ್ಮ ಮುಂದೆ ಪರೀಕ್ಷೆ ಮಾಡಿಕೊಂಡನೋ, ಅಥವಾ ಸುಮ್ಮನೆ ಹೊಸ ಶರ್ಟಿನ ಹುಮ್ಮಸ್ಸೋ. ಎಡಗಡೆ ಹೋದದ್ದು ಲಕ್ವ ಹೊಡೆದ ದಿನವೋ, ಅದಕ್ಕೂ ಎಷ್ಟೋ ವರ್ಷ ಮೊದಲು ಅದನ್ನು ಕಂಡಕ್ಟರನಿಗೆ ಒಪ್ಪಿಸಿದಾಗಿನಿಂದ ಸ್ವಲ್ಪ ಸ್ವಲ್ಪವೇ ಹೋಗುತ್ತಿತ್ತೋ. ಡಾಕ್ಟರ್ ಲಕ್ವದ ದಿನ ಎನ್ನುತ್ತಾರೆ. ಅಣ್ಣ ದಿನಕ್ಕೊಂದು ಹೇಳುತ್ತಾನೆ. ನನಗೆ ಗೊತ್ತಿಲ್ಲ.